ತ್ರಿಕೋನ ರನ್‌ವೇ ರಹಸ್ಯ ಸಂಕೇತವಲ್ಲ

ಉಪಗ್ರಹ ಚಿತ್ರವೊಂದರಲ್ಲಿ ಸಣ್ಣ ವಿಮಾನ ನಿಲ್ದಾಣ, ಅದರ ರನ್‌ವೇಗಳು ಸೇರಿ ದೊಡ್ಡ ತ್ರಿಕೋನ. ಇದು ಆಕಾಶಕ್ಕೆ ತೋರಿಸಲು ಬರೆದ ಗುಪ್ತ ಚಿಹ್ನೆ, ರನ್‌ವೇ ತುದಿಯಲ್ಲಿ ಬರೆದ ಅಂಕಿಗಳು ಸೇನೆಯ ಸಂಕೇತ ಎನ್ನುವ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಸುತ್ತುತ್ತಲೇ ಇರುತ್ತದೆ. ಎರಡೂ ತಪ್ಪು.

ಕೆನಡಾದಲ್ಲಿ ಇಂಥ ತ್ರಿಕೋನಗಳು ಬಹಳ. ಎರಡನೇ ಮಹಾಯುದ್ಧಕ್ಕಾಗಿ 1939ರ ಡಿಸೆಂಬರ್‌ನಲ್ಲಿ ಸಹಿಯಾದ ಕಾಮನ್‌ವೆಲ್ತ್ ವಾಯು ತರಬೇತಿ ಯೋಜನೆಯಡಿ ಅಲ್ಲಿ 1,31,000ಕ್ಕೂ ಹೆಚ್ಚು ಮಂದಿ ವಿಮಾನ ಸಿಬ್ಬಂದಿ ತಯಾರಾದರು. ಮ್ಯಾನಿಟೋಬಾ ಪ್ರಾಂತ್ಯದ ಬ್ರ್ಯಾಂಡನ್ ನಿಲ್ದಾಣವೂ ಆ ಕಾಲದ ತರಬೇತಿ ನೆಲೆಯೇ. ವಿಮಾನ ನಿಲ್ಲಿಸುತ್ತಿದ್ದ ಅಲ್ಲಿನ ಹಳೆಯ ಹ್ಯಾಂಗರಿನಲ್ಲಿ ಈಗ ವಸ್ತುಸಂಗ್ರಹಾಲಯವಿದೆ.

ಆಗಿನ ತರಬೇತಿ ವಿಮಾನಗಳು ಹಗುರ. ಹಲವಕ್ಕೆ ಬಾಲದಡಿಯಲ್ಲಿ ಪುಟ್ಟ ಚಕ್ರ. ಅಡ್ಡಗಾಳಿ ಬೀಸಿದರೆ ಕಲಿಯುವವನ ಕೈತಪ್ಪಿ ಗಿರಕಿ ಹೊಡೆಯುತ್ತಿದ್ದವು. ಮೂರು ರನ್‌ವೇಗಳನ್ನು 60 ಡಿಗ್ರಿ ಅಂತರದಲ್ಲಿ ಹಾಕಿದರೆ ಇಳಿಯಲು ಆರು ದಿಕ್ಕು ಸಿಗುತ್ತವೆ. ಗಾಳಿ ಎತ್ತಲಿಂದ ಬೀಸಿದರೂ ಯಾವುದಾದರೊಂದು ದಿಕ್ಕಿಗೆ 30 ಡಿಗ್ರಿಗಿಂತ ಹೆಚ್ಚು ಓರೆಯಾಗದು. ತ್ರಿಕೋನದ ಗುಟ್ಟು ಇಷ್ಟೇ, ನನ್ನ ಮಟ್ಟಿಗೆ ಗುಪ್ತ ಚಿಹ್ನೆಗಿಂತ ಇದೇ ಸೊಗಸು.

ಅಂಕಿಗಳನ್ನು ನೀವೇ ಪರೀಕ್ಷಿಸಬಹುದು. ನಕ್ಷೆಯ ಆ್ಯಪ್‌ನಲ್ಲಿ ನಿಮ್ಮ ಊರಿನ ಹತ್ತಿರದ ಯಾವುದೇ ನಿಲ್ದಾಣವನ್ನು ಹಿಗ್ಗಿಸಿ ನೋಡಿ. ರನ್‌ವೇಯ ಒಂದು ತುದಿಯಲ್ಲಿ 09 ಇದ್ದರೆ ಇನ್ನೊಂದರಲ್ಲಿ 27 ಇರುತ್ತದೆ. ವ್ಯತ್ಯಾಸ ಯಾವಾಗಲೂ 18. ಹತ್ತರಿಂದ ಗುಣಿಸಿದರೆ ದಿಕ್ಸೂಚಿಯ ಡಿಗ್ರಿ: 90 ಪೂರ್ವ, 270 ಪಶ್ಚಿಮ. ದಿಕ್ಸೂಚಿ ತೋರಿಸುವ ಭೂಕಾಂತದ ಉತ್ತರ ಮೆಲ್ಲಗೆ ಸರಿಯುವುದರಿಂದ ಎಷ್ಟೋ ಕಡೆ ಅಂಕಿಯನ್ನು ಅಳಿಸಿ ಹೊಸದಾಗಿ ಬರೆಯುತ್ತಾರೆ.

ಚಿತ್ರ ಕಳುಹಿಸಿದವರಿಗೆ ಕುತೂಹಲವಿದೆ, ಅದು ಒಳ್ಳೆಯದೇ. ಅವರಿಗೆ ನಿಲ್ದಾಣದ ಹೆಸರು ಕೇಳಿ. ಹೆಸರು ಸಿಕ್ಕರೆ ಇತಿಹಾಸ ಹುಡುಕಲು ಐದು ನಿಮಿಷ ಸಾಕು.