ನಾಲ್ಕು ವಿಷಯ, ನಾಲ್ಕು ಬಗೆಯ ಪುರಾವೆ

ಅಕ್ಕನ ಮಗಳು ಪಿಯುಸಿ ಮುಗಿಸಿ ಈ ವರ್ಷ ಅಮೆರಿಕದ ಕಾಲೇಜೊಂದಕ್ಕೆ ಸೇರಿದ್ದಾಳೆ. ಆರನೇ ವಾರ, ರಾತ್ರಿ ಹೊತ್ತು ಫೋನ್ ಮಾಡಿದಳು. "ಮಾವ, ನಾಲ್ಕು ಎಸ್ಸೇ ಒಟ್ಟಿಗೆ ಬಂದಿವೆ. ಇಂಗ್ಲಿಷ್, ಹಿಸ್ಟರಿ, ಎಕನಾಮಿಕ್ಸ್, ಬಯಾಲಜಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ನಾಲ್ಕನ್ನೂ ಬರೆದುಬಿಡ್ಲಾ?"

"ಬೇಡ ಕಣೇ" ಅಂದೆ. ಯಾಕೆ ಬೇಡ ಅಂತ ಹೇಳಲು ಒಂದು ಗಂಟೆ ಹಿಡಿಯಿತು. ಆ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. 14 ವರ್ಷದ ಹಿಂದೆ ನಾನು ಅಮೆರಿಕಕ್ಕೆ ಓದಲು ಬಂದಾಗ ಇದನ್ನು ನನಗೆ ಯಾರೂ ಹೇಳಲಿಲ್ಲ.

ನನ್ನ ಮೊದಲ ಎಸ್ಸೇ ಹನ್ನೆರಡು ಪುಟ ಇತ್ತು. ಎಂಟು ಪುಸ್ತಕ ಓದಿದ್ದೆ. ಎಂಟರಲ್ಲೂ ಇದ್ದ ಮುಖ್ಯ ಅಂಶಗಳನ್ನು ಉಪಶೀರ್ಷಿಕೆ ಕೊಟ್ಟು ಅಚ್ಚುಕಟ್ಟಾಗಿ ಜೋಡಿಸಿದ್ದೆ. ವಾಪಸ್ ಬಂದಾಗ ಕೊನೆಯ ಪುಟದಲ್ಲಿ ಎರಡೇ ವಾಕ್ಯ: ನೀವು ಓದಿದ್ದೆಲ್ಲ ಇಲ್ಲಿದೆ, ನೀವು ಹೇಳುವುದೇನು? ಪಕ್ಕದಲ್ಲಿ 'ಸಿ' ಗ್ರೇಡ್. ತುಂಬಾ ನೋವಾಯಿತು. ಅಲ್ಲಿಯವರೆಗೆ ಇದೇ ರೀತಿಯ ಬರವಣಿಗೆಗೆ ನನಗೆ ಒಳ್ಳೆಯ ಅಂಕಗಳು ಬಂದಿದ್ದವು. ಏನು ತಪ್ಪಾಯಿತು ಅನ್ನುವುದೇ ಗೊತ್ತಾಗಲಿಲ್ಲ.

ನಮ್ಮಲ್ಲಿ ಪ್ರಬಂಧ ಅನ್ನುವುದು ಭಾಷಾ ಪತ್ರಿಕೆಯ ಒಂದು ಪ್ರಶ್ನೆ. ಮಿಕ್ಕ ವಿಷಯಗಳಲ್ಲಿ ಬರೆಯುವುದಕ್ಕೆ 'ಉತ್ತರ' ಅಂತ ಹೆಸರು. ಐದು ಅಂಕದ್ದಾದರೆ ಇಷ್ಟು ಉದ್ದ, ಹತ್ತು ಅಂಕದ್ದಾದರೆ ಅದರ ಎರಡರಷ್ಟು. ಪಾಯಿಂಟ್ಸ್ ಹಾಕಬೇಕು, ಅಡಿಗೆರೆ ಎಳೆಯಬೇಕು. ಇತಿಹಾಸಕ್ಕೂ ಅರ್ಥಶಾಸ್ತ್ರಕ್ಕೂ ಒಂದೇ ಅಚ್ಚು. ಅದನ್ನು ನಾನು ಹೀಗಳೆಯುವುದಿಲ್ಲ. ಮೂರು ಗಂಟೆ ಕೂತು, ಬರೀ ನೆನಪಿನಿಂದ, ಪುಟಗಟ್ಟಲೆ ಕೈಯಲ್ಲಿ ಬರೆಯುವುದು ದೊಡ್ಡ ಶಕ್ತಿ. ಇವತ್ತಿಗೂ ಓದಿದ್ದನ್ನು ಬೇಗ ಜೋಡಿಸಿಕೊಳ್ಳಲು ನನಗೆ ಬರುವುದು ಆ ಅಭ್ಯಾಸದಿಂದಲೇ.

ಅಮೆರಿಕದ ಮಕ್ಕಳೂ ಒಂದು ಅಚ್ಚು ಹಿಡಿದುಕೊಂಡೇ ಕಾಲೇಜಿಗೆ ಬರುತ್ತಾರೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಹೈಸ್ಕೂಲಿನಲ್ಲಿ ಅವರಿಗೆ ಐದು ಪ್ಯಾರಾದ ಎಸ್ಸೇ ಕಲಿಸುತ್ತಾರೆ. ಶುರುವಿಗೊಂದು ಪ್ಯಾರಾ, ಮೂರು ಕಾರಣಕ್ಕೆ ಮೂರು ಪ್ಯಾರಾ, ಕೊನೆಗೊಂದು. ನಮ್ಮ ಪೀಠಿಕೆ, ನಿರೂಪಣೆ, ಉಪಸಂಹಾರದ ಅಣ್ಣನೋ ತಮ್ಮನೋ ಇದ್ದಂತೆ. ಹಾಗಾಗಿ ಮೊದಲ ವರ್ಷದಲ್ಲಿ ಅವರೂ ನಮ್ಮ ಹಾಗೇ ಎಡವುತ್ತಾರೆ. ವ್ಯತ್ಯಾಸ ಬರುವುದು ಆಮೇಲೆ. ಇಲ್ಲಿ ಬಹಳಷ್ಟು ಕಾಲೇಜುಗಳಲ್ಲಿ ಮೊದಲ ವರ್ಷಕ್ಕೆ ಬರವಣಿಗೆಯದ್ದೇ ಒಂದು ತರಗತಿ ಇರುತ್ತದೆ. ಹಾರ್ವರ್ಡ್‌ನಲ್ಲಿ 1885ರಷ್ಟು ಹಿಂದೆಯೇ ಮೊದಲ ವರ್ಷದವರಿಗೆ ಇಂಥದ್ದೊಂದು ಕೋರ್ಸ್ ಇತ್ತು. ಜೊತೆಗೆ ಬರವಣಿಗೆ ಕೇಂದ್ರ ಅಂತ ಒಂದು ಕೋಣೆ. ಡ್ರಾಫ್ಟ್ ತೆಗೆದುಕೊಂಡು ಹೋದರೆ ಪಕ್ಕದಲ್ಲಿ ಕೂತು ಓದುತ್ತಾರೆ. ನಾನೀಗ ಅಂಥ ಒಂದು ಕೇಂದ್ರದಲ್ಲಿ ವಾರಕ್ಕೆ ಎರಡು ದಿನ ಕೂರುತ್ತೇನೆ. ಬರುವವರಲ್ಲಿ ಬುದ್ಧಿಗೇನೂ ಕೊರತೆ ಇರುವುದಿಲ್ಲ, ಭಾಷೆಯೂ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಈ ವಿಷಯದಲ್ಲಿ ಯಾವುದನ್ನು ಪುರಾವೆ ಅಂತ ಒಪ್ಪುತ್ತಾರೆ ಅನ್ನುವ ಒಂದು ಪ್ರಶ್ನೆಯನ್ನು ಮಾತ್ರ ಅವರು ಕೇಳಿಕೊಂಡಿರುವುದಿಲ್ಲ.

ನನ್ನ ಮಟ್ಟಿಗೆ ಎಲ್ಲವೂ ಅಲ್ಲಿಂದಲೇ ಶುರು.

ಸಾಹಿತ್ಯದಲ್ಲಿ ಪುರಾವೆ ಇರುವುದು ಪದದಲ್ಲಿ. ಕತೆ ಏನಾಯಿತು ಅಂತ ಮೇಷ್ಟ್ರಿಗೆ ಗೊತ್ತು. ಅದನ್ನೇ ಮತ್ತೆ ಮೂರು ಪುಟ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಒಂದು ಸಾಲು ಎತ್ತಿಕೊಂಡು, ಇಲ್ಲಿ ಈ ಪದವೇ ಯಾಕೆ, ಬೇರೆ ಪದ ಇದ್ದಿದ್ದರೆ ಏನು ಕಳೆದುಹೋಗುತ್ತಿತ್ತು ಅಂತ ಕೇಳಬೇಕು. ಅಕ್ಕನ ಮಗಳಿಗೆ ಇದನ್ನು ಹೇಳುವಾಗ ತಟ್ಟನೆ ಒಂದು ನೆನಪಾಯಿತು. "ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ ಅಂತ ಕನ್ನಡ ಪತ್ರಿಕೆಯಲ್ಲಿ ಬರ್ತಿತ್ತಲ್ಲ, ಅದೇ ಇದು" ಅಂದೆ. ಯಾರು, ಯಾರಿಗೆ, ಯಾವಾಗ ಹೇಳಿದ ಮಾತು ಅಂತ ಎರಡು ಸಾಲು, ಆಮೇಲೆ ಸ್ವಾರಸ್ಯ. ನಾವು ಸಂದರ್ಭವನ್ನು ಉದ್ದಕ್ಕೆ ಬರೆದು ಸ್ವಾರಸ್ಯವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆವು, ಅಲ್ವಾ? ಅಳತೆಯನ್ನು ತಿರುಗಿಸಿದರೆ ಸಾಕು. ಸಂದರ್ಭ ಒಂದು ಸಾಲು, ಸ್ವಾರಸ್ಯ ಒಂದು ಪುಟ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಹೈಸ್ಕೂಲಿನಿಂದಲೇ ಕೇಳುವ ಪದ್ಧತಿ ನಮ್ಮದು. ಅದನ್ನು ನಾವು ಎರಡು ಮೂರು ಅಂಕದ ಲೆಕ್ಕಕ್ಕೆ ಇಳಿಸಿಬಿಟ್ಟಿದ್ದೇವೆ ಅನ್ನುವುದು ನನಗೆ ಬೇಸರದ ಸಂಗತಿ.

ಇತಿಹಾಸದ ಎಸ್ಸೇಗೆ ಅವಳಿಗೆ ಬಂದಿದ್ದು ತುಂಬಾ ಹಳೆಯ ಪ್ರಶ್ನೆ: ಮೊದಲ ಮಹಾಯುದ್ಧಕ್ಕೆ ಯಾರು ಹೊಣೆ? ಅವಳ ಡ್ರಾಫ್ಟಿನಲ್ಲಿ ಏಳು ಕಾರಣಗಳಿದ್ದವು. ಒಂದು, ಎರಡು, ಮೂರು ಅಂತ. ಪ್ರತಿಯೊಂದೂ ಸರಿ. ಆದರೆ ಇತಿಹಾಸದಲ್ಲಿ ಕಾರಣಗಳ ಪಟ್ಟಿ ಪುರಾವೆ ಆಗುವುದಿಲ್ಲ. ಈ ಕಾಗದವನ್ನು ಯಾರು ಬರೆದರು, ಯಾವಾಗ, ಯಾರ ಕಣ್ಣಿಗೆ ಬೀಳಲಿ ಅಂತ ಬರೆದರು ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

1919ರ ವರ್ಸೇಲ್ಸ್ ಒಪ್ಪಂದದ 231ನೇ ವಿಧಿ ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊಣೆ ಹೊರಿಸಿತು. ಬರೆದವರು ಗೆದ್ದವರು. 1961ರಲ್ಲಿ ಫ್ರಿಟ್ಜ್ ಫಿಷರ್ ಅನ್ನುವ ಜರ್ಮನ್ ಇತಿಹಾಸಕಾರರೇ ತಮ್ಮ ದೇಶದ ಹೊಣೆ ದೊಡ್ಡದು ಅಂತ ವಾದಿಸಿದರು. ಅವರು ಮುಂದಿಟ್ಟ ದಾಖಲೆಗಳಲ್ಲಿ ಒಂದು, ಗೆದ್ದರೆ ಏನೇನು ಪಡೆಯಬೇಕು ಅಂತ ಜರ್ಮನ್ ಸರ್ಕಾರದಲ್ಲಿ ಬರೆದುಕೊಂಡ ಟಿಪ್ಪಣಿ. ಅದರ ಕಾಲ 1914ರ ಸೆಪ್ಟೆಂಬರ್. ಯುದ್ಧ ಶುರುವಾಗಿದ್ದು ಅದಕ್ಕಿಂತ ಮೊದಲು. ಹಾಗಾದರೆ ಯುದ್ಧ ಶುರುವಾದ ಮೇಲೆ ಬರೆದ ಟಿಪ್ಪಣಿ, ಯುದ್ಧಕ್ಕೆ ಮುಂಚಿನ ಆಸೆಗೆ ಸಾಕ್ಷಿ ಆಗುತ್ತದಾ? ಇತಿಹಾಸಕಾರರು ನಿಜವಾಗಿಯೂ ಈ ಪ್ರಶ್ನೆಯ ಮೇಲೆ ಜಗಳವಾಡಿದ್ದಾರೆ. 2012ರಲ್ಲಿ ಕ್ರಿಸ್ಟೊಫರ್ ಕ್ಲಾರ್ಕ್ ಅನ್ನುವ ಇನ್ನೊಬ್ಬ ಇತಿಹಾಸಕಾರರು ಹೊಣೆಯನ್ನು ಹಲವು ರಾಜಧಾನಿಗಳಿಗೆ ಹಂಚಿದರು. ಒಬ್ಬ ವಿದ್ಯಾರ್ಥಿ ಏಳು ಕಾರಣ ಬರೆಯುವ ಬದಲು ಆ ಒಂದು ತಾರೀಖಿನ ಮೇಲೆ ಎರಡು ಪುಟ ಯೋಚಿಸಿ ಬರೆದರೆ ಅದೇ ಇತಿಹಾಸದ ಕೆಲಸ. ಇದನ್ನು ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆಮೇಲೆ "ಹಾಗಾದ್ರೆ ಉಳಿದ ಆರು ಕಾರಣ ಬಿಟ್ಬಿಡ್ಲಾ ಮಾವ?" ಅಂದಳು. ಓದಿದ್ದನ್ನು ಬಿಡಲು ಎಷ್ಟು ಸಂಕಟ ಆಗುತ್ತದೆ ಅಂತ ನನಗೆ ಗೊತ್ತು. ಆದರೂ ಬಿಡಬೇಕು.

ಅರ್ಥಶಾಸ್ತ್ರದ ದಾರಿ ಬೇರೆ. ಅಲ್ಲಿ ಮೊದಲು ಒಂದು ಮಾದರಿ, ಅಂದರೆ ಲೋಕ ಹೀಗೆ ನಡೆಯುತ್ತದೆ ಅನ್ನುವ ಒಂದು ಸರಳ ಚಿತ್ರ, ಇಡಬೇಕು, ಯಾವುದೆಲ್ಲ ಬದಲಾಗುವುದಿಲ್ಲ ಅಂತ ಇಟ್ಟುಕೊಂಡಿದ್ದೇವೆ ಅನ್ನುವುದನ್ನು ಬಾಯಿಬಿಟ್ಟು ಹೇಳಬೇಕು, ಆಮೇಲೆ ಲೋಕ ಹಾಗೆ ನಡೆಯುತ್ತದಾ ಅಂತ ಅಂಕಿ ತೋರಿಸಬೇಕು. ಕನಿಷ್ಠ ವೇತನ ಹೆಚ್ಚಿಸಿದರೆ ಕೆಲಸ ಕಡಿಮೆ ಆಗುತ್ತದೆ ಅಂತ ಪಠ್ಯದ ಸರಳ ರೇಖಾಚಿತ್ರ ಹೇಳುತ್ತದೆ. 1992ರಲ್ಲಿ ನ್ಯೂಜೆರ್ಸಿ ರಾಜ್ಯ ಗಂಟೆಗೆ 4.25 ಡಾಲರ್ ಇದ್ದ ಕನಿಷ್ಠ ವೇತನವನ್ನು 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ಫಾಸ್ಟ್ ಫುಡ್ ಅಂಗಡಿಗಳನ್ನು ಹೋಲಿಸಿ ನೋಡಿದರು. ಕೆಲಸ ಕಡಿಮೆ ಆಗಿರಲಿಲ್ಲ. ಬೇರೆಯವರು ಸಂಬಳದ ದಾಖಲೆ ತಂದು ಆ ಲೆಕ್ಕವನ್ನು ಪ್ರಶ್ನಿಸಿದರು. ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಒಳ್ಳೆಯ ಎಸ್ಸೇಯಲ್ಲಿ ರೇಖಾಚಿತ್ರವೂ ಇರುತ್ತದೆ, ಅದಕ್ಕೆ ಒಗ್ಗದ ಅಂಕಿಯೂ ಇರುತ್ತದೆ. ಎರಡರ ನಡುವೆ ಯಾಕೆ ಬಿರುಕು ಅಂತ ವಿದ್ಯಾರ್ಥಿ ಹುಡುಕುತ್ತಾನೆ. ಚಂದದ ವಾಕ್ಯಗಳಿಗೆ ಅಲ್ಲಿ ಜಾಸ್ತಿ ಕೆಲಸವಿಲ್ಲ.

ವಿಜ್ಞಾನದ ವರದಿಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಒಂದು ಗೋಡೆ. ಕಂಡದ್ದು ಒಂದು ಕಡೆ, ಕಂಡದ್ದಕ್ಕೆ ಅರ್ಥ ಇನ್ನೊಂದು ಕಡೆ. ಫಲಿತಾಂಶದ ಭಾಗದಲ್ಲಿ ಗಿಡ ಎಷ್ಟು ಬೆಳೆಯಿತು ಅಂತ ಮಾತ್ರ ಬರೆಯಬೇಕು. ಯಾಕೆ ಬೆಳೆಯಿತು ಅನ್ನುವುದು ಚರ್ಚೆಯ ಭಾಗಕ್ಕೆ. ಇನ್ನೊಂದು, ಹೇಳುವ ದನಿ. 1953ರ ಏಪ್ರಿಲ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್ಎ ರಚನೆಯ ಬಗ್ಗೆ ಬರೆದ ಲೇಖನ ಒಂದು ಪುಟಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಷ್ಟು ದೊಡ್ಡ ಸಂಗತಿಯನ್ನು ಅವರು ಶುರು ಮಾಡಿದ್ದು, ಹೀಗೊಂದು ರಚನೆಯನ್ನು ಸೂಚಿಸಲು ಬಯಸುತ್ತೇವೆ ಅನ್ನುವ ಧಾಟಿಯಲ್ಲಿ. ನಮಗೆ 'ಖಂಡಿತ', 'ನಿಸ್ಸಂದೇಹವಾಗಿ' ಅಂತ ಬರೆದು ಅಭ್ಯಾಸ. ವಿಜ್ಞಾನದಲ್ಲಿ ಅಂಥ ಪದ ಕಂಡರೆ ಓದುವವರಿಗೆ ಅನುಮಾನ ಬರುತ್ತದೆ.

ತತ್ವಶಾಸ್ತ್ರ ಅವಳಿಗೆ ಮುಂದಿನ ಸೆಮಿಸ್ಟರಿಗೆ ಬರುತ್ತದೆ. ಅದಕ್ಕೆ ಒಂದೇ ಮಾತು ಹೇಳಿದ್ದೇನೆ: ನಿನ್ನನ್ನು ಒಪ್ಪದವರ ವಾದವನ್ನು ಅವರಿಗಿಂತ ಚೆನ್ನಾಗಿ ಬರೆ, ಆಮೇಲೆ ಉತ್ತರ ಕೊಡು.

ಉಲ್ಲೇಖ ಕೊಡುವ ಪದ್ಧತಿಗಳು ಮೊದಲು ನನಗೆ ಬರೀ ಕಿರಿಕಿರಿ ಅನಿಸುತ್ತಿದ್ದವು. ಒಬ್ಬೊಬ್ಬರು ಒಂದೊಂದು ರೀತಿ ಕೇಳುತ್ತಾರಲ್ಲ ಅಂತ. ಈಗ ನೋಡಿದರೆ ಆಯಾ ವಿಷಯದ ಮನಸ್ಸೇ ಅಲ್ಲಿ ಕಾಣುತ್ತದೆ. ಸಾಹಿತ್ಯದವರು ಬಳಸುವ ಎಂಎಲ್ಎ ಪದ್ಧತಿಯಲ್ಲಿ ಲೇಖಕರ ಹೆಸರಿನ ಪಕ್ಕ ಪುಟ ಸಂಖ್ಯೆ ಬರುತ್ತದೆ. ಅವರಿಗೆ ಆ ಪದ ಇರುವ ಜಾಗ ಬೇಕು. ಮನೋವಿಜ್ಞಾನದವರ ಎಪಿಎ ಪದ್ಧತಿಯಲ್ಲಿ ಹೆಸರಿನ ಪಕ್ಕ ವರ್ಷ ಬರುತ್ತದೆ. ಅವರಿಗೆ ಈ ಸಂಶೋಧನೆ ಹೊಸದೋ ಹಳೆಯದೋ ಅನ್ನುವುದು ಮೊದಲು ಗೊತ್ತಾಗಬೇಕು. ಇತಿಹಾಸದವರು ಶಿಕಾಗೊ ಪದ್ಧತಿಯ ಅಡಿಟಿಪ್ಪಣಿ ಹಾಕುತ್ತಾರೆ. ಹೇಳುವ ಕತೆ ಮೇಲೆ ಸರಾಗವಾಗಿ ಓಡುತ್ತಿರುತ್ತದೆ, ಆಕರ ಕೆಳಗೆ ಕಾಯುತ್ತಿರುತ್ತದೆ. ಇದನ್ನು ಮೊದಲ ದಿನವೇ ಹೇಳಿಕೊಟ್ಟರೆ ಯಾವ ಮಗುವಿಗೂ ಉಲ್ಲೇಖ ಬೇಸರ ತರುವುದಿಲ್ಲ ಅಂತ ನನ್ನ ನಂಬಿಕೆ.

ಉಲ್ಲೇಖದ ಮಾತು ಬಂದಾಗ ಒಂದು ಸಂಗತಿಯನ್ನು ನೇರವಾಗಿ ಹೇಳಬೇಕು. ಗೈಡಿನಲ್ಲಿರುವುದನ್ನು ಅಕ್ಷರ ಬಿಡದೆ ಬರೆದರೆ ನಮ್ಮಲ್ಲಿ "ಚೆನ್ನಾಗಿ ಓದಿದ್ದಾನೆ" ಅನ್ನುತ್ತಾರೆ. ಇಲ್ಲಿ ಅದನ್ನೇ ಕೃತಿಚೌರ್ಯ ಅನ್ನುತ್ತಾರೆ. ಹುಡುಗ ಕದಿಯಬೇಕು ಅಂತ ಕದ್ದಿರುವುದಿಲ್ಲ. ದೊಡ್ಡವರ ಮಾತನ್ನು ಹಾಗೇ ಹೇಳುವುದು ಗೌರವ ಅಂತ ಕಲಿತು ಬಂದಿರುತ್ತಾನೆ. ಕೇಂದ್ರದಲ್ಲಿ ಇಂಥ ಮಕ್ಕಳು ನನ್ನೆದುರು ಕಣ್ಣೀರು ಹಾಕಿದ್ದಾರೆ. ಯಾವ ಸಾಲು ಯಾರದು ಅಂತ ಹೇಳುವುದನ್ನು ಹೈಸ್ಕೂಲಿನಲ್ಲೇ ರೂಢಿ ಮಾಡಿಸಿದರೆ ಈ ನೋವು ಯಾರಿಗೂ ಬರುವುದಿಲ್ಲ.

ಇಲ್ಲಿನ ರೀತಿಯೇ ಮೇಲು ಅಂತ ನಾನು ಹೇಳುತ್ತಿಲ್ಲ. ಇಲ್ಲಿಯೂ ಎಷ್ಟೋ ಮೇಷ್ಟ್ರುಗಳು ತಮ್ಮ ವಿಷಯದ ರೀತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವರಿಗೆ ಅದು ಉಸಿರಾಟದಷ್ಟು ಸಹಜ ಆಗಿಬಿಟ್ಟಿರುತ್ತದೆ. ಆದರೆ ಕೇಳಿದರೆ ಹೇಳುತ್ತಾರೆ. ಆಫೀಸ್ ಅವರ್ಸ್ ಅಂತ ಸಮಯ ಇಟ್ಟು ಬಾಗಿಲು ತೆರೆದು ಕೂತಿರುತ್ತಾರೆ. ನಮ್ಮ ಮಕ್ಕಳು ಆ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಾರೆ. ಸುಮ್ನೆ ತೊಂದರೆ ಕೊಟ್ಟಂತಾಗುತ್ತದೆ ಅನ್ನುವ ಅಳುಕು. ನಾನೂ ಹಾಗೇ ಮಾಡಿದ್ದೆ. ಆ 'ಸಿ' ಗ್ರೇಡ್ ಬಂದ ಮೇಲೆ ಎರಡು ವಾರ ಕಾದು, ಒಂದು ಮಧ್ಯಾಹ್ನ ಒಳಗೆ ಹೋದೆ. ಮೇಷ್ಟ್ರು ಹಿಂದಿನ ವರ್ಷದ ಒಂದು ಒಳ್ಳೆಯ ಎಸ್ಸೇ, ಬರೆದವರ ಹೆಸರು ತೆಗೆದು, ಓದಲು ಕೊಟ್ಟರು. ಅದನ್ನು ಮೂರು ಸಲ ಓದಿದೆ. ಒಂದು ಸಲ ಬರೀ ಪ್ಯಾರಾಗಳ ಮೊದಲ ವಾಕ್ಯ ಮಾತ್ರ ಓದಿದೆ. ಆ ಮೊದಲ ವಾಕ್ಯಗಳಷ್ಟೇ ಸೇರಿ ಒಂದು ವಾದ ಆಗಿತ್ತು. ನನ್ನದರಲ್ಲಿ ಮೊದಲ ವಾಕ್ಯಗಳು ಸೇರಿ ಒಂದು ಪರಿವಿಡಿ ಆಗಿತ್ತು. ಆವತ್ತು ನನಗೆ ಕಣ್ಣು ತೆರೆದಂತಾಯಿತು.

ಈಗ ಯಾರು ಬಂದರೂ ಅದನ್ನೇ ಮಾಡಿಸುತ್ತೇನೆ. ಮೊದಲು ಪ್ರಶ್ನೆಯ ಕ್ರಿಯಾಪದ ನೋಡು. 'ವಿವರಿಸಿ' ಬೇರೆ, 'ಚರ್ಚಿಸಿ' ಬೇರೆ, 'ವಿಮರ್ಶಿಸಿ' ಬೇರೆ. ನಮ್ಮ ಪ್ರಶ್ನೆಪತ್ರಿಕೆಗಳಲ್ಲೂ ಈ ಮೂರೂ ಇದ್ದವು, ಮೂರಕ್ಕೂ ನಾವು ಒಂದೇ ಉತ್ತರ ಬರೆಯುತ್ತಿದ್ದೆವು. ಆಮೇಲೆ ಆ ವಿಷಯದ್ದೇ ಒಂದು ಒಳ್ಳೆಯ ಬರಹ ಹಿಡಿದು, ಇವರು ಯಾವುದನ್ನು ತೋರಿಸಿ ನನ್ನನ್ನು ನಂಬಿಸಿದರು ಅಂತ ಗುರುತು ಹಾಕು. ಪೀಠಿಕೆಯನ್ನು ಕೊನೆಗೆ ಬರೆ, ನಡುಭಾಗ ಬರೆದು ಮುಗಿಸುವ ತನಕ ನೀನು ಏನು ಹೇಳುತ್ತೀಯ ಅಂತ ನಿನಗೇ ಗೊತ್ತಿರುವುದಿಲ್ಲ.

ಊರಿನ ಕಾಲೇಜುಗಳಲ್ಲಿ ಪಾಠ ಮಾಡುವ ಗೆಳೆಯರಲ್ಲಿ ನನ್ನದೊಂದು ಬೇಡಿಕೆ. ವರ್ಷಕ್ಕೆ ಒಂದೇ ಒಂದು ತರಗತಿ ಇದಕ್ಕೆ ಕೊಡಿ. ಇತಿಹಾಸದ ಮೇಷ್ಟ್ರು ಇತಿಹಾಸವನ್ನು ಹೇಗೆ ಬರೆಯುತ್ತಾರೆ ಅಂತ ಬೋರ್ಡಿನ ಮೇಲೆ ಮಕ್ಕಳ ಎದುರಿಗೇ ಬರೆದು, ಅಳಿಸಿ, ಮತ್ತೆ ಬರೆದು ತೋರಿಸಲಿ. ಅರ್ಥಶಾಸ್ತ್ರದವರು ತಮ್ಮದನ್ನು ತೋರಿಸಲಿ. ಕನ್ನಡದಲ್ಲೇ ತೋರಿಸಲಿ. ಸಂದರ್ಭ, ಸ್ವಾರಸ್ಯ, ಆಕರ, ಪುರಾವೆ ಎಲ್ಲ ಪದಗಳೂ ನಮ್ಮಲ್ಲಿವೆ.

ಅಕ್ಕನ ಮಗಳು ಮೊನ್ನೆ ಹಿಸ್ಟರಿ ಎಸ್ಸೇ ಕಳಿಸಿದಳು. ಏಳರಲ್ಲಿ ಆರು ಕಾರಣಗಳು ಹೋಗಿದ್ದವು. ಮೊದಲ ಪ್ಯಾರಾದಲ್ಲೇ 1914ರ ಸೆಪ್ಟೆಂಬರ್ ಬಂದಿತ್ತು. ಕೆಳಗೆ ನನಗೊಂದು ಪ್ರಶ್ನೆ ಬರೆದಿದ್ದಳು: "ಮಾವ, ಬಯಾಲಜಿ ರಿಪೋರ್ಟಿನಲ್ಲಿ 'ನಾವು ನೋಡಿದೆವು' ಅಂತ ಬರೀಬಹುದಾ, 'ಕಂಡುಬಂದಿದೆ' ಅಂತಲೇ ಬರೀಬೇಕಾ?" ಒಂದೊಂದು ಕಡೆ ಒಂದೊಂದು ಥರ ಇದೆ, ನಾಳೆ ಹೋಗಿ ನಿಮ್ಮ ಮೇಷ್ಟ್ರನ್ನೇ ಕೇಳು ಅಂತ ಉತ್ತರ ಕಳಿಸಿದೆ. ಕೇಳಿ ಬಂದಿದ್ದಾಳಂತೆ.