ರಾತ್ರಿ ಪಾಳಿಯ ಮೇಸ್ತ್ರಿ

ನಿನ್ನೆ ಸಂಜೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಸೊಂಟ ಬಿದ್ದುಹೋಗುವಷ್ಟು ಹೊತ್ತು ಎಳೆದಾಡಿ ಕಿತ್ತ ಬೀವರ್ ಕಟ್ಟೆ, ಬೆಳಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ಇಣುಕುವಷ್ಟರಲ್ಲಿ ಮತ್ತೆ ಎದ್ದು ನಿಂತಿರುತ್ತದೆ. ಮೊದಲಿಗಿಂತ ಗಟ್ಟಿಯಾಗಿ. ಹೊಟ್ಟೆ ಉರಿಯುವುದು ಅದಕ್ಕಲ್ಲ. ನೀವು ಕಿತ್ತು ದಡಕ್ಕೆಸೆದ ಕೊಂಬೆಗಳನ್ನೇ ಎಳೆದುಕೊಂಡು ಹೋಗಿ ಕಟ್ಟಿರುತ್ತಾನೆ. ಸಾಮಾನು ಸರಬರಾಜು ನಮ್ಮದು, ಗುತ್ತಿಗೆ ಅವನದು.

ಮಸಾಚುಸೆಟ್ಸ್‌ನ ಹಳ್ಳಿಗಾಡಿನಲ್ಲಿ 'ಹಿತ್ತಲಲ್ಲೇ ಹಳ್ಳ ಹರಿಯುತ್ತೆ' ಎಂದು ಮರುಳಾಗಿ ಮನೆ ಕೊಂಡವರಿಗೆಲ್ಲ ಈ ಬೆಳಗಿನ ದರ್ಶನ ಗೊತ್ತು. ಊರಿಗೆ ಫೋನ್ ಮಾಡಿ ಗೋಳು ಹೇಳಿಕೊಳ್ಳೋಣ ಅಂದರೆ, 'ಓ, ನೀರುನಾಯೀನಾ?' ಅನ್ನುತ್ತಾರೆ. ಅಲ್ಲ ಮಾರಾಯ್ರೇ. ನೀರುನಾಯಿ ಕಾವೇರಿಯಲ್ಲಿ ಮೀನು ಹಿಡಿದುಕೊಂಡು ತನ್ನ ಪಾಡಿಗೆ ತಾನಿರುವ ಪ್ರಾಣಿ. ಇದು ಇಲಿ ಹೆಗ್ಗಣಗಳ ಬಳಗ. ಇಪ್ಪತ್ತು ಕಿಲೋ ತೂಗುವ, ಅಪ್ಪಟ ಸಸ್ಯಾಹಾರಿ, ಕಿತ್ತಳೆ ಹಲ್ಲಿನ ಆಸಾಮಿ. ಹಲ್ಲಿನ ಹೊರಪದರದಲ್ಲಿ ಕಬ್ಬಿಣದ ಅಂಶವಿದೆ, ಅದಕ್ಕೇ ಆ ಬಣ್ಣ. ಪ್ರೀತಿಯಿಂದ ನೆಟ್ಟ ಸೇಬಿನ ಮರ ಉಳಿಯಬೇಕಾದರೆ ಬುಡದಿಂದ ನಾಲ್ಕಡಿ ಎತ್ತರಕ್ಕೆ ಬೆಸುಗೆ ಹಾಕಿದ ತಂತಿಬಲೆ ಸುತ್ತಿ, ಕಾಂಡಕ್ಕೂ ಬಲೆಗೂ ನಡುವೆ ಅರ್ಧ ಅಡಿ ಜಾಗ ಬಿಡಿ. ಕೋಳಿಗೂಡಿನ ತೆಳು ಜಾಲರಿಯನ್ನೆಲ್ಲ ಅವನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಕಾನೂನೂ ಅವನ ಕಡೆಗೇ. 1996ರಲ್ಲಿ ಇಲ್ಲಿನ ಮತದಾರರು ಬಹುತೇಕ ಬೋನುಗಳಿಗೆ ನಿಷೇಧ ಹಾಕಿದರು. 2000ದಲ್ಲಿ ಒಂದು ಕಿಂಡಿ ತೆರೆಯಿತು. ಬಾವಿಗೋ ಸೆಪ್ಟಿಕ್ ಟ್ಯಾಂಕಿಗೋ ರಸ್ತೆಗೋ ನೀರು ನುಗ್ಗಿದರೆ ಊರಿನ ಆರೋಗ್ಯ ಮಂಡಳಿ ಹತ್ತು ದಿನದ ತುರ್ತು ಪರವಾನಗಿ ಕೊಡಬಹುದು. ಪರವಾನಗಿ ಇಲ್ಲದೆ ಕಟ್ಟೆಗೆ ಕೈ ಹಚ್ಚುವುದೇ ತಪ್ಪು. ಹಿಡಿದು ಬೇರೆಲ್ಲೋ ಬಿಟ್ಟು ಬರುತ್ತೇನೆ ಅಂದರೆ ಅದೂ ತಪ್ಪು. 1948ರಲ್ಲಿ ಐಡಾಹೊ ರಾಜ್ಯದವರು 76 ಬೀವರ್‌ಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ, ಪ್ಯಾರಾಚೂಟ್ ಕಟ್ಟಿ, ವಿಮಾನದಿಂದ ಕಾಡಿಗೆ ಇಳಿಸಿದ್ದರು. ಒಂದು ಸತ್ತಿತು, ಉಳಿದ 75 ಕ್ಷೇಮ. ನಮಗೆ ಆ ಭಾಗ್ಯವಿಲ್ಲ.

ಇದ್ದವನನ್ನು ಸಾಗಹಾಕಿದರೂ ಜಾಗ ಖಾಲಿ ಉಳಿಯುವುದಿಲ್ಲ. ಎರಡು ವರ್ಷ ತುಂಬಿದ ಮರಿಗಳು ವಸಂತ ಬಂತೆಂದರೆ ಹುಟ್ಟಿದ ಮನೆ ಬಿಟ್ಟು ಹೊರಡುತ್ತವೆ, ಗೊತ್ತಿಲ್ಲದ ಹಳ್ಳಗಳಲ್ಲಿ ಒಂಟಿಯಾಗಿ ಈಜುತ್ತಾ. ಎರಡು ಪೆಟ್ಟಿಗೆ ಹಿಡಿದು ಇದೇ ಸೀಮೆಗೆ ಬಂದಿಳಿದವರಿಗೆ ಅವುಗಳನ್ನು ಬೈಯಲು ಬಾಯಿ ಬರುವುದಿಲ್ಲ. ಆದರೆ ಅವು ನೆಲೆ ನಿಲ್ಲುವುದು ನಿಮ್ಮ ಡ್ರೈವ್‌ವೇ ಕೆಳಗಿನ ಮೋರಿಯಲ್ಲಿ. ಅವುಗಳ ಲೆಕ್ಕದಲ್ಲಿ ಡ್ರೈವ್‌ವೇ ಅಂದರೆ ಯಾರೋ ಮುಕ್ಕಾಲು ಪಾಲು ಕಟ್ಟಿ, ತೂತು ಮುಚ್ಚಲು ಮರೆತು ಹೋದ ಅಣೆಕಟ್ಟೆ! ಬಾಯಿ ಆಗ ತಾನಾಗೇ ಬರುತ್ತದೆ.

ಇಷ್ಟಕ್ಕೂ ಇವನಿಗೆ ಏನು ರೋಗ ಅಂದರೆ, ನೀರು ಹರಿಯುವ ಸದ್ದು ಆಗಿಬರುವುದಿಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ಲಾರ್ಸ್ ವಿಲ್ಸನ್ ಎಂಬ ವಿಜ್ಞಾನಿ ಬೀವರ್‌ಗಳಿಗೆ ಸ್ಪೀಕರಿನಲ್ಲಿ ಹರಿವ ನೀರಿನ ಧ್ವನಿ ಕೇಳಿಸಿದ. ಅಲ್ಲಿ ಹರಿಯುವ ನೀರೇ ಇಲ್ಲ. ಆದರೂ ಬಂದು ಸ್ಪೀಕರಿನ ಮೇಲೆ ಕಡ್ಡಿ ಕೆಸರು ಪೇರಿಸಿದವು. 'ಕೆರೆ ಕಟ್ಟಿಸು' ಎಂದು ಹಾಲೂಡಿಸುವಾಗಲೇ ತಾಯಿ ಮಗುವಿನ ಕಿವಿಯಲ್ಲಿ ಹೇಳಿದಳೆಂದು ವಿಜಯನಗರ ಕಾಲದ ನಮ್ಮ ಶಾಸನದಲ್ಲಿದೆ. ಇವಕ್ಕೆ ಯಾವ ತಾಯಿಯೂ ಹೇಳಬೇಕಿಲ್ಲ. ದೊಡ್ಡವುಗಳನ್ನು ನೋಡದೆ ಬೆಳೆದ ಮರಿಗಳೂ ಕಟ್ಟುತ್ತವೆ. ನಡುರಾತ್ರಿ ನಲ್ಲಿಯಲ್ಲಿ ಗೊರ್ ಅಂದ ಕೂಡಲೇ ಎದ್ದು, ಕಣ್ಣು ಬಿಡುವ ಮೊದಲೇ ಬಿಂದಿಗೆ ಇಟ್ಟು ಬೆಳೆದ ಬೆಂಗಳೂರಿನವರಿಗೆ ಈ ಅವಸ್ಥೆ ಅರ್ಥವಾಗಬೇಕು. ನಾವು ತುಂಬಿಸಲು ಏಳುತ್ತಿದ್ದೆವು, ಅವನು ಮುಚ್ಚಲು ಏಳುತ್ತಾನೆ. ಕಟ್ಟೆ ಕಿತ್ತು ನೀರು ಜುಳುಜುಳು ಹರಿಸಿದಾಗ ನಾವು ಮಾಡಿದ್ದು ಇಷ್ಟೇ: ಅವನಿಗೆ ಅಲಾರಂ ಇಟ್ಟದ್ದು.

ಅಂದಮೇಲೆ ನೀರು ಹೋಗಬೇಕು, ಸದ್ದು ಆಗಬಾರದು. ನಮ್ಮ ಹಳೇ ಕೆರೆಗಳಿಗೆ ಕೋಡಿಯ ಜೊತೆ ತೂಬೂ ಇರುತ್ತಿತ್ತು. ಇವನ ಕೆರೆಗೆ ತೂಬಿಲ್ಲ, ಅದನ್ನು ನಾವೇ ಕಳ್ಳತನದಲ್ಲಿ ಇಡಬೇಕು. ಬೇಕಾದದ್ದು 12 ಅಂಗುಲ ವ್ಯಾಸದ, ಎರಡು ಪದರದ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಪೈಪ್, ಸುಮಾರು 40 ಅಡಿ. ಒಳಬಾಯಿಗೆ ಆರಡಿ ಅಗಲದ ಗುಂಡನೆ ಪಂಜರ. ಕಾಂಕ್ರೀಟಿಗೆ ಹಾಕುವ, ಆರಾರು ಅಂಗುಲ ಕಣ್ಣಿನ ಕಬ್ಬಿಣದ ಜಾಲರಿಯಿಂದ ಮಾಡಿದ್ದು. ಪಂಜರಕ್ಕೆ ತಳವೂ ಇರಲಿ, ಇಲ್ಲವಾದರೆ ಅಡಿಯಿಂದ ತೋಡಿಕೊಂಡು ಬರುತ್ತಾನೆ. ಅದನ್ನು ಕಟ್ಟೆಯಿಂದ ಇಪ್ಪತ್ತಡಿಯಾದರೂ ಒಳಗೆ, ಆಳವಿರುವ ಕಡೆ ಮುಳುಗಿಸಿ. ಅವನು ಸೋರಿಕೆ ಹುಡುಕುವುದು ಕಟ್ಟೆಯ ಮೈಯಲ್ಲಿ, ನಡುಕೆರೆಯಲ್ಲಲ್ಲ. ಪಂಜರ ಚಿಕ್ಕದಾದರೆ ಮಾತ್ರ ನೀರಿನ ಸೆಳೆತ ಅವನ ಅನುಭವಕ್ಕೆ ಬರುತ್ತದೆ, ಮರುದಿನವೇ ಕೆಸರು ಮೆತ್ತಿರುತ್ತಾನೆ. ನೂರು ರೂಪಾಯಿ ಉಳಿಸುವ ನಮ್ಮ ಬುದ್ಧಿ ಕೈ ಕೊಡುವುದು ಇಲ್ಲೇ.

ಪೈಪಿಗೆ ಮೇಲ್ಗಡೆ ಅಲ್ಲಲ್ಲಿ ತೂತು ಕೊರೆಯದಿದ್ದರೆ ಒಳಗಿನ ಗಾಳಿ ಹೋಗದೆ ಹೆಬ್ಬಾವಿನ ಹಾಗೆ ತೇಲುತ್ತದೆ. ತೂತು ಕೊರೆದು, ಎರಡೂ ಪಕ್ಕಕ್ಕೆ ಕಾಂಕ್ರೀಟ್ ಇಟ್ಟಿಗೆ ಕಟ್ಟಿ ಮುಳುಗಿಸಿ. ಕಟ್ಟೆಯಲ್ಲಿ ಒಂದು ಸಂದು ಬಿಡಿಸಿ ಪೈಪನ್ನು ಎಷ್ಟು ಎತ್ತರಕ್ಕೆ ಕೂರಿಸುತ್ತೀರೋ, ನೀರು ಹೆಚ್ಚುಕಡಿಮೆ ಅಷ್ಟಕ್ಕೇ ನಿಲ್ಲುತ್ತದೆ. ಸೇಡಿಗೆ ಬಿದ್ದು ಪೂರ್ತಿ ಬರಿದು ಮಾಡಲು ಹೋಗಬೇಡಿ. ಒಂದಡಿ ಇಳಿದರೆ ಸಹಿಸಿಕೊಳ್ಳುತ್ತಾನೆ. ಅದಕ್ಕಿಂತ ತುಂಬಾ ಇಳಿಸಿದರೆ ನಾಲ್ಕು ಮಾರು ಆಚೆ ಹೊಸ ಕಟ್ಟೆಗೆ ಗುದ್ದಲಿಪೂಜೆ ಆಗುತ್ತದೆ.

ಪೈಪ್ ಕೂರಿಸಿದ ಮೇಲೆ ಸಂದು ಬಿಗಿಯಾಗಿ ಮುಚ್ಚಬೇಕಲ್ಲ ಎಂದು ಕತ್ತಲಾಗುವವರೆಗೆ ಕೆಸರು ಕಲಸುತ್ತಾ ನಿಲ್ಲಬೇಡಿ. ನಾಲ್ಕು ಕೊಂಬೆ ಅಡ್ಡ ಹಾಕಿ ಮನೆಗೆ ಹೋಗಿ ಸ್ನಾನ ಮಾಡಿ. ಸಂದಿನಲ್ಲಿ ಸಣ್ಣಗೆ ಜುಳುಜುಳು ಅನ್ನುತ್ತಿರುತ್ತದೆ. ರಾತ್ರಿ ಅವನೇ ಬಂದು ಪೈಪಿನ ಸುತ್ತ ಮೆತ್ತಿ, ತಟ್ಟಿ, ಸಾರಿಸಿ ಹೋಗುತ್ತಾನೆ.