ಬಿಗಿಯೋರು ಒಬ್ಬರು, ಹೊಟ್ಟೆ ಇನ್ನೊಬ್ಬರದು

ಖಜಾನೆ ಬರಿದಾದಾಗಲೆಲ್ಲ ಮಂತ್ರಿಯೊಬ್ಬರು ಮೈಕ್ ಮುಂದೆ ಬರುತ್ತಾರೆ. 'ಎಲ್ಲರೂ ಬೆಲ್ಟ್ ಬಿಗಿ ಮಾಡಿಕೊಳ್ಳಬೇಕು' ಅನ್ನುತ್ತಾರೆ. ದೇಶ ಯಾವುದಾದರೂ ಮಾತು ಇದೇ. ಹೇಳುವವರ ಸೊಂಟದ ಕಡೆಗೆ ಮಾತ್ರ ಕ್ಯಾಮೆರಾ ತಿರುಗುವುದಿಲ್ಲ.

ಬೆಲ್ಟಿನ ಮಾತು ಬಿಡಿ ಸ್ವಾಮಿ. ಇಂಗ್ಲಿಷಿನಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಕ್ರಿಯಾಪದ ಇದೆ: 'ಸಿಂಚ್'. ಎಳೆದು ಬಿಗಿಯಾಗಿ ಕಟ್ಟು ಅಂತ ಅರ್ಥ. ಬೇರು ಲ್ಯಾಟಿನ್ನಿನದು, ನಡುಪಟ್ಟಿಗೆ ಅಲ್ಲಿ 'ಕಿಂಗುಲ' ಅನ್ನುತ್ತಿದ್ದರು. ಸ್ಪ್ಯಾನಿಷಿನಲ್ಲಿ ಅದು 'ಸಿಂಚಾ' ಆಯಿತು. ಜೀನು ಜಾರದಂತೆ ಕುದುರೆಯ ಹೊಟ್ಟೆಯಡಿ ಹಾಯಿಸಿ ಕಟ್ಟುವ ಪಟ್ಟಿ. ದನ ಕಾಯುವ ಸವಾರರ ಬಾಯಿಂದ ಅಮೆರಿಕದ ಪಶ್ಚಿಮಕ್ಕೆ ಬಂದು, 19ನೇ ಶತಮಾನದ ನಡುವೆ ಇಂಗ್ಲಿಷಿಗೆ ಸೇರಿಕೊಂಡಿತು. ಸರ್ಪಸುತ್ತಿಗೆ ಇಂಗ್ಲಿಷಿನಲ್ಲಿ 'ಶಿಂಗಲ್ಸ್' ಅಂತಾರಲ್ಲ, ಅದೂ ಇದೇ ಬೇರಿನದು. ಸೊಂಟ ಸುತ್ತಿಕೊಂಡು ಉರಿಯುತ್ತದೆ. ತೆರಿಗೆ ಕಟ್ಟುವವರಿಗೆ ಈ ನೆಂಟಸ್ತನ ಬಿಡಿಸಿ ಹೇಳಬೇಕಿಲ್ಲ.

ಪದದ ಚಂದ ಎಲ್ಲಿದೆ ಅಂದರೆ, ಪಟ್ಟಿ ಬೀಳುವುದು ಕುದುರೆಯ ಹೊಟ್ಟೆಗೆ, ಎಳೆಯುವುದು ಮೇಲೆ ಕೂರುವವನು. ಪಟ್ಟಿ ಬಿಗಿಯಾದಷ್ಟೂ ಅವನಿಗೆ ನೆಮ್ಮದಿ. ಆ ಶತಮಾನ ಮುಗಿಯುವ ಹೊತ್ತಿಗೆ 'ಸಿಂಚ್' ಅಂದರೆ ಸಲೀಸು ಕೆಲಸ, ಗ್ಯಾರಂಟಿ ಗೆಲುವು ಅಂತಲೂ ಆಯಿತು. ಯಾರಿಗೆ ಸಲೀಸು ಅಂತ ಕುದುರೆಯನ್ನು ಕೇಳಿದಂತಿಲ್ಲ.

ಕ್ಯಾಲಿಫೋರ್ನಿಯಾದ ಶಾಸನಸಭೆಯಲ್ಲಿ ಒಂದು ಕಾಲಕ್ಕೆ 'ಸಿಂಚ್ ಬಿಲ್' ಅಂತಲೇ ಇತ್ತು. ಯಾವುದೋ ಕಂಪನಿಗೆ ಉಸಿರು ಕಟ್ಟಿಸುವ ಮಸೂದೆ ತರುವುದು. ಕಂಪನಿಯವರು ಬಂದು ಕೈ ಬಿಸಿ ಮಾಡಿದರೆ ಮಸೂದೆ ತಣ್ಣಗೆ ಮಲಗುವುದು. ಹೆಸರಾದರೂ ನೆಟ್ಟಗೆ ಇಟ್ಟಿದ್ದರು. ಈಗಿನವರಾದರೆ 'ಸುಧಾರಣೆ' ಅಂದುಬಿಡುತ್ತಿದ್ದರು.

2010ರಲ್ಲಿ ಗ್ರೀಸ್ 110 ಬಿಲಿಯನ್ ಯೂರೋ ಸಾಲಕ್ಕೆ ಕೈಯೊಡ್ಡಿತು. ಪಟ್ಟಿ ಬಿಗಿದದ್ದು ಪಿಂಚಣಿದಾರರಿಗೂ, ಅವರ ಹಬ್ಬದ ಬೋನಸ್ಸಿಗೇ ಕತ್ತರಿ ಬಿತ್ತು. 2012ರಲ್ಲಿ, ಸಾಲ ಕೊಟ್ಟವರಲ್ಲಿ ಒಂದಾದ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಆಗಿನ ಮುಖ್ಯಸ್ಥೆ ಕ್ರಿಸ್ಟೀನ್ ಲಗಾರ್ಡ್, ಗ್ರೀಕರು ತೆರಿಗೆ ಕಟ್ಟಲಿ ಎಂದು ಬುದ್ಧಿ ಹೇಳಿದರು. ಆಗ ಅವರ ಸಂಬಳ ವರ್ಷಕ್ಕೆ 4,67,940 ಡಾಲರ್. ಅದರ ಮೇಲೆ ಆದಾಯ ತೆರಿಗೆ ಸೊನ್ನೆ. ಎಲ್ಲ ನಿಯಮದ ಪ್ರಕಾರವೇ, ಎಳ್ಳಷ್ಟೂ ತಪ್ಪಿಲ್ಲ. ಜೀನಿನ ಮೇಲೆ ಕೂತವರಿಗೆ ಪಟ್ಟಿ ಕಟ್ಟಬೇಕೆಂದು ಎಲ್ಲಿ ಬರೆದಿದೆ, ಅಲ್ವಾ? ಸರ್ಕಾರಿ ಖರ್ಚಿನ ಕಡಿತದಿಂದ ಆರ್ಥಿಕತೆಗೆ ಬೀಳುವ ಪೆಟ್ಟನ್ನು ಮುನ್ನಂದಾಜು ಮಾಡಿದವರು ಕಡಿಮೆ ಲೆಕ್ಕ ಹಾಕಿದ್ದರು ಎಂದು ಅದೇ ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞರು 2013ರಲ್ಲಿ ಬರೆದರು. ಲೆಕ್ಕ ಸರಿಹೋಯಿತು, ಹೊಟ್ಟೆ ಹಾಗೇ ಉಳಿಯಿತು.

ಕುದುರೆಗಳೂ ಪೆದ್ದಲ್ಲ. ಪಟ್ಟಿ ಬಿಗಿಯುವ ಹೊತ್ತಿಗೆ ಕೆಲವು ಮೈ ಉಬ್ಬಿಸಿ ನಿಲ್ಲುತ್ತವೆ. ಆಮೇಲೆ ಉಸಿರು ಬಿಟ್ಟರೆ ಪಟ್ಟಿ ಸಡಿಲ, ಸವಾರ ಜೀನಿನ ಸಮೇತ ಪಕ್ಕಕ್ಕೆ. ಅದಕ್ಕೇ ಪಳಗಿದವರು ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಎಳೆಯುತ್ತಾರೆ. ಈ ಉಬ್ಬುವ ವಿದ್ಯೆ ಸರ್ಕಾರಿ ಇಲಾಖೆಗಳಿಗೆ ಹುಟ್ಟಿನಿಂದಲೇ ಬಂದದ್ದು. ಹಣಕಾಸು ವರ್ಷದ ಕೊನೆಯ ತಿಂಗಳು ಹೊಸ ಕುರ್ಚಿ, ಹೊಸ ಪರದೆ, ಸುಮ್ನೆ ಒಂದು ವಿಚಾರ ಸಂಕಿರಣ. ಉಳಿಸಿದರೆ ಮುಂದಿನ ಸಲ ಕಡಿಮೆ ಸಿಗುತ್ತದಲ್ಲ! ಇವರನ್ನೂ ನಾಲ್ಕು ಹೆಜ್ಜೆ ನಡೆಸಿ ನೋಡೋಣವೆಂದರೆ ಅದಕ್ಕೆ ಪ್ರಯಾಣ ಭತ್ಯೆ ಕೇಳುತ್ತಾರೆ.